ಪರದೆ ಮೇಲಿನ ಕುರಿಗೆ ಔಷಧ

ಬೀರಪ್ಪ ಸಿನಿಮಾ ನೋಡುತ್ತಿದ್ದದ್ದು ಪರದೆಯ ಕೆಳಗಿನ ಎರಡು ಮೊಳ ಮಾತ್ರ. ಅದರ ಮೇಲೆ ಅರಮನೆ ಹೊತ್ತಿ ಉರಿದರೂ, ಆಕಾಶದಿಂದ ಏನು ಇಳಿದು ಬಂದರೂ ತಲೆ ಎತ್ತುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕಂಬಳಿ ಮಡಚಿ ಹಾಕಿಕೊಂಡು, ಒಂದು ಮಗ್ಗುಲಿಗೆ ಬಾಗಿ, ಗದ್ದಕ್ಕೆ ಕೈ ಕೊಟ್ಟು ಕೂತನೆಂದರೆ ಅವನ ಕಣ್ಣು ಪ್ರಾಣಿಗಳ ಕಾಲು ಬಿಟ್ಟು ಮತ್ತೆಲ್ಲಿಗೂ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಪಟ್ಟಣದ ಹೆಂಗಸರು, ಈ ಮುದುಕನಿಗೆ ಕುತ್ತಿಗೆ ಹಿಡಿದಿದೆಯೋ ಏನೋ ಎಂದು ನನಗೆ ಬಂದು ಹೇಳಿದ್ದುಂಟು.

ನಾನು ಆಗ ವಿಜಯಪುರದ ಒಂದು ಟಾಕೀಸಿನಲ್ಲಿ ಟಿಕೆಟ್ ಹರಿದು ಕೊಡುವವನು. ಬೀರಪ್ಪ ನನ್ನನ್ನು 'ಮ್ಯಾನೇಜರ್ರ' ಎಂದು ಕರೆಯುತ್ತಿದ್ದ. ಅಲ್ಲ ಎಂದು ಒಮ್ಮೆಯೂ ತಿದ್ದಲಿಲ್ಲ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವನವನು. ನಾನು 'ಲೇ ಬೀರಪ್ಪ' ಎನ್ನುತ್ತಿದ್ದೆ, ಅವನು ಕೊನೆಯವರೆಗೂ ನನಗೆ 'ರಿ' ಹಚ್ಚಿಯೇ ಮಾತಾಡಿದ. ಈಗ ಇದನ್ನು ಬರೆಯುವಾಗ ಬಹುವಚನ ಹಚ್ಚೋಣವೆಂದು ಒಂದು ಪುಟ ಬರೆದು ನೋಡಿದೆ. ಸತ್ತ ಮೇಲೆ ಕೊಡುವ ಮರ್ಯಾದೆ ನನ್ನ ಕೈಯಲ್ಲಿ ಚೆನ್ನಾಗಿ ಕಾಣಲಿಲ್ಲ. ಹರಿದು ಹಾಕಿದೆ.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಕೂತು ಪಾಸು ಮಾಡಿದವನು ನಾನು. ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು. ಅದೂ ಪೇಪರ್ ನೋಡಿದವರ ಕರುಣೆ ಇರಬೇಕು. ಆದರೆ ನನ್ನೂರು ಇಟ್ಟಂಗಿಹಾಳದಿಂದ ಸೈಕಲ್ ಹೊಡೆದುಕೊಂಡು ಬಂದು ಬುಕಿಂಗ್ ಕಿಟಕಿಯ ಒಳಗೆ ಕೂತ ಕೂಡಲೇ ನನಗೆ ಸಿನಿಮಾ ಎಂಬ ವಿದ್ಯೆಯೆಲ್ಲ ಬಂದುಬಿಡುತ್ತಿತ್ತು. ಸಾಲಿನಲ್ಲಿ ನಿಂತವರು ಕೇಳದಿದ್ದರೂ ಅವರಿಗೆ ಕಥೆ ಹೇಳುತ್ತಿದ್ದೆ. ಯಾವ ಚಿತ್ರ ಎಷ್ಟು ವಾರ ಓಡುತ್ತದೆಂದು ಭವಿಷ್ಯ ನುಡಿಯುತ್ತಿದ್ದೆ. ಕಂಪನಿಯವರು ನನ್ನ ಅಭಿಪ್ರಾಯ ಕೇಳಿಯೇ ಮುಂದಿನ ಚಿತ್ರ ತೆಗೆಯುತ್ತಾರೇನೋ ಎಂಬಂತೆ ಮಾತಾಡುತ್ತಿದ್ದೆ. ಒಳಗಿನ ಬೆಳಕು ಮಂದವಾಗಿದ್ದರಿಂದ ನನ್ನ ಮುಖ ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ, ಅದು ನನ್ನ ಪುಣ್ಯ.

ಬೀರಪ್ಪ ಮಮದಾಪುರದ ಕುರಿ ಕಾಯುವವನು. ವಾರದ ಸಂತೆಗೆ ಕುರಿ ತಂದು, ಮಾರಾಟ ಮುಗಿಸಿ, ಬಬಲೇಶ್ವರದ ಮೇಲೆ ಹಾಯ್ದು ಹೋಗುವ ಸಂಜೆಯ ಬಸ್ಸಿಗೆ ಕಾಯುತ್ತಿದ್ದ. ಒಂದು ಸಲ ನಮ್ಮ ಟಾಕೀಸಿನ ಮುಂದೆ ಹಾಯುವಾಗ ದೊಡ್ಡ ವಾಲ್‌ಪೋಸ್ಟರಿನ ಮುಂದೆ ನಿಂತುಬಿಟ್ಟ. ಪರದೇಶದ ಒಂದು ದೊಡ್ಡ ಸಿನಿಮಾ ಕಂಪನಿ ವರ್ಷಕ್ಕೊಂದು ಅನಿಮೇಷನ್ ಚಿತ್ರ ಬಿಡುತ್ತಿತ್ತು. ಶಾಲೆಗಳಿಗೆ ಸೂಟಿ ಬಿದ್ದಾಗ ಹಿಂದಿ ಮಾತು ಕೂಡಿಸಿ ಅವು ನಮ್ಮಲ್ಲಿಗೂ ಬರುತ್ತಿದ್ದವು. ಆ ಪೋಸ್ಟರಿನಲ್ಲಿ ಒಂದು ಟಗರು ಎದೆ ಉಬ್ಬಿಸಿ ನಿಂತಿತ್ತು.

ಬೀರಪ್ಪ ಕಿಟಕಿಗೆ ಬಂದು ಕೇಳಿದ: "ಮ್ಯಾನೇಜರ್ರ, ಈ ಟಗರಿನ ಕೊಂಬ ಯಾರ ತಿರುವ್ಯಾರ್ರಿ?"

"ಲೇ, ಅದು ಗೊಂಬಿ ಪಿಚ್ಚರ್. ಕಂಪ್ಯೂಟರ್‌ನಾಗ ಮಾಡಿದ್ದು."

"ಕಂಪ್ಯೂಟರಿನವರ ತಿರುವಿದ್ರೂ ಅಷ್ಟ, ಮತ್ಯಾರ ತಿರುವಿದ್ರೂ ಅಷ್ಟ. ಹಿಂಗ ಬೆಳದ್ರ ಕೊಂಬು ಕಣ್ಣಿಗೆ ಚುಚ್ಚತೈತಿ. ಒಳಗ ಹೋಗಿ ನೋಡಲೇನು?"

ಹೋಗಿ ನೋಡಿದ. ಹೊರಗೆ ಬಂದು, "ಕಣ್ಣಿಗೆ ಚುಚ್ಚಲಿಲ್ಲ. ಉಳೀತು," ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.

ಅಂದಿನಿಂದ ಆ ಕಂಪನಿಯ ಒಂದು ಚಿತ್ರವನ್ನೂ ಬಿಡಲಿಲ್ಲ. ಓಡುವಷ್ಟು ವಾರವೂ ಸಂತೆಯ ದಿನ ಮ್ಯಾಟ್ನಿಗೆ ಹಾಜರು. ಕೋಲನ್ನು ನನ್ನ ಕಿಟಕಿಯ ಪಕ್ಕಕ್ಕೆ ಆನಿಸಿ, "ನೋಡಕೋತ ಇರ್ರಿ," ಎಂದು ಒಳಗೆ ಹೋಗುವನು. ಹಿಂದಿ ಅವನಿಗೆ ಬರುತ್ತಿರಲಿಲ್ಲ. ಅದನ್ನೇ ಹಿಡಿದು ಕೆಣಕಿದರೆ, "ಕಾಲಿಗೆ ಯಾವ ಭಾಷಾ ಬೇಕ್ರಿ?" ಎಂದು ತಿರುಗಿ ನನ್ನನ್ನೇ ಕೇಳುವನು. ಆಟ ಬಿಟ್ಟ ಮೇಲೆ ಕಿಟಕಿಗೆ ಬಂದು ತೀರ್ಪು ಹೇಳುವುದು ವಾಡಿಕೆಯಾಯಿತು. ಕುದುರೆಯ ಚಿತ್ರ ನೋಡಿ ಬಂದಾಗ, "ಇದನ್ನ ಬರದಾಂವ ಮನ್ಯಾಗ ಕುದರಿ ಕಟ್ಯಾನ," ಎಂದ. ಇನ್ನೊಂದು ಚಿತ್ರಕ್ಕೆ, "ನಾಯಿ ಸರಿ ಐತಿ, ಬೆಕ್ಕು ಸರಿ ಐತಿ. ಮನಷ್ಯಾರ ನಡಿಗಿ ಅಷ್ಟ ಸುಳ್ಳ," ಎಂದ. ಕಥೆ ಹೇಗಿತ್ತು ಎಂದು ಕೇಳಿದರೆ, "ಕಥಿ ಇತ್ತೇನ್ರಿ?" ಎಂದು ಬೆರಗಾಗುವನು.

ಅವನ ಮಾತನ್ನು ನಾನು ಕ್ಯಾಂಟೀನಿನಲ್ಲಿ ಮಾರುತ್ತಿದ್ದೆ. ಚಹಾ ಮಾಡುವ ಶಿವಪುತ್ರನ ಮುಂದೆ ಬೀರಪ್ಪನ ಹಾಗೆಯೇ ಕುತ್ತಿಗೆ ವಾರೆ ಮಾಡಿ, ಅವನದೇ ದನಿ ತೆಗೆದು ಹೇಳಿದರೆ ಅಲ್ಲಿದ್ದವರೆಲ್ಲ ನಗುತ್ತಿದ್ದರು. ನನಗೆ ನಗಿಸುವ ಕಲೆ ಬರುತ್ತದೆಂದು ತಿಳಿದಿದ್ದೆ. ಅವರು ನಗುತ್ತಿದ್ದದ್ದು ಬೀರಪ್ಪನ ಮಾತು ಚೆನ್ನಾಗಿದ್ದುದಕ್ಕೆ ಎಂದು ಹೊಳೆಯಲು ನನಗೆ ಬಹಳ ವರ್ಷ ಬೇಕಾದವು.

ಆಮೇಲೆ ಒಂದು ಬೇಸಿಗೆಗೆ ಕುರಿಗಳದೇ ಒಂದು ಚಿತ್ರ ಬಂತು. ಬೀರಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಆದರೆ ಇಂಟರ್ವಲ್ಲಿನಲ್ಲೇ ಹೊರಗೆ ಬಂದ. ಮುಖ ಸಣ್ಣದಾಗಿತ್ತು. ಕಿಟಕಿಯ ಸರಳು ಹಿಡಿದು, "ಮ್ಯಾನೇಜರ್ರ, ಆ ಬಿಳೇ ಕುರಿಗೆ ಬ್ಯಾನಿ ಐತಿ," ಎಂದ.

"ಯಾವ ಬಿಳೇ ಕುರಿ?"

"ಅದ, ಹಾಡ ಹಾಡತೈತಲ್ಲ. ಮಲಗಿದ್ದು ಎದ್ದ ನಿಲ್ಲುವಾಗ ಮುಂಗಾಲ ಮದಲ ಊರತೈತಿ. ಕುರಿ ಹಂಗ ಏಳಂಗಿಲ್ರಿ. ಹಿಂಗಾಲ ಮ್ಯಾಲ ಮದಲ ಎದ್ದು, ಆಮ್ಯಾಲ ಮುಂಗಾಲ ಎತ್ತತೈತಿ. ಮುಂಗಾಲಿಂದ ಏಳಾಕತ್ತೈತಿ ಅಂದ್ರ ಅದರ ಸೊಂಟದಾಗ ಬಲ ಇಲ್ಲ. ಒಂದ ಸಲ ಅಲ್ಲ, ಮೂರ ಸಲ ನೋಡೇನಿ. ಅಂಥಾದ್ದನ್ನ ಗುಡ್ಡ ಹತ್ತಿಸಿ ಓಡಸ್ಯಾರ. ಒಬ್ಬರಾದ್ರೂ ಔಷಧ ಹಾಕಲಿಲ್ಲ."

ನಾನು ನಕ್ಕೆ. "ಲೇ ಬೀರಪ್ಪ, ಅದು ಖರೇ ಕುರಿ ಅಲ್ಲೋ. ಬರದದ್ದು."

ಅವನು ನನ್ನನ್ನು ನೋಡಿದ ನೋಟ ನೆನಪಿದೆ. ದಡ್ಡ ಕುರಿಯನ್ನು ನೋಡುವಾಗಲೂ ಅವನು ಅಷ್ಟೇ ಸಮಾಧಾನದಿಂದ ನೋಡುತ್ತಿದ್ದನೇನೋ.

"ಬರದದ್ದು ಅನ್ನೂದು ನನಗೂ ಗೊತ್ತೈತ್ರಿ. ಆದ್ರ ಬರದಾಂವ ಯಾವುದರ ಒಂದ ಕುರಿ ಮುಂದ ನಿಲ್ಲಿಸಿಕೊಂಡ ಬರದಿರಬೇಕಲ್ಲ? ಉಳದ ಕುರಿ ಎಲ್ಲಾ ಸರಿ ಅದಾವು. ಕಿವಿ ಸರಿ ಐತಿ, ಬಾಲ ಸರಿ ಐತಿ, ಮೆಲಕ ಹಾಕೂದು ಸರಿ ಐತಿ. ಇಷ್ಟೆಲ್ಲಾ ನೋಡಿ ಬರದಾಂವ ಏಳೂದೊಂದನ್ನ ತಪ್ಪ ಬರದಿರತಾನೇನು? ಅಂವ ಕಂಡಾಂಗ ಬರದಾನ. ಅಂವನ ಮುಂದಿದ್ದ ಕುರಿಗೆ ಬ್ಯಾನಿ ಐತಿ. ಅವಗ ಗೊತ್ತಿಲ್ಲ."

ನಾನು ಟಿಕೆಟ್ ಪುಸ್ತಕ ತಿರುವತೊಡಗಿದೆ.

"ನಿಮಗ ಇಂಗ್ಲಿಷ್ ಬರತೈತಿ," ಎಂದ ಬೀರಪ್ಪ. "ಕಂಪನಿ ನಿಮಗ ಗೊತ್ತೈತಿ. ಒಂದ ಕಾಗದ ಬರೀರಿ. ಲಗೂನ ಬರೀಬೇಕು. ಸೊಂಟ ಬಿದ್ದ ಕುರಿ ಭಾಳ ದಿನ ತಾಳಂಗಿಲ್ಲ."

ಆಗ ನಾನು ಎರಡು ಮಾತು ಹೇಳಬೇಕಿತ್ತು. ಒಂದು, ನನಗೆ ಇಂಗ್ಲಿಷ್ ಬರುವುದಿಲ್ಲ. ಎರಡು, ಆ ಕಂಪನಿಯ ವಿಳಾಸ ನನಗೆ ಗೊತ್ತಿಲ್ಲ. ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅವನ ಹಿಂದೆ ಮುಂದಿನ ಆಟದ ಟಿಕೆಟ್ಟಿಗೆ ನಾಲ್ಕು ಮಂದಿ ಸಾಲಿನಲ್ಲಿ ನಿಂತಿದ್ದರು. "ಅದೇನ್ ದೊಡ್ಡದು. ಹೇಳು, ಬರಕೊಂತೀನಿ," ಎಂದೆ.

ಒಂದು ಹ್ಯಾಂಡ್‌ಬಿಲ್ಲಿನ ಹಿಂಬದಿಯಲ್ಲಿ ಅವನು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡೆ. ಆಮೇಲೆ ಇಂಗ್ಲಿಷು ಮಾಡಿ ಕಳಿಸುತ್ತೇನೆ ಎಂದೆ. ಅವನು ಕಣ್ಣು ಮುಚ್ಚಿ, ತಡೆದು ತಡೆದು ಹೇಳಿದ. 'ನಿಮ್ಮ ಬಿಳೇ ಕುರಿಗೆ ಸೊಂಟದ ಬ್ಯಾನಿ ಐತಿ. ಹಸೀ ನೆಲದ ಮ್ಯಾಲ ಮಲಗಸಬ್ಯಾಡ್ರಿ. ನಿಮ್ಮ ದೇಶದಾಗ ಥಂಡಿ ಭಾಳ ಅಂತ ಪಿಚ್ಚರ್‌ನಾಗ ಕಂಡೇನಿ, ಕೆಳಗ ಒಣಾ ಹುಲ್ಲ ಹಾಸ್ರಿ. ಎಳ್ಳೆಣ್ಣಿ ಬಿಸಿ ಮಾಡಿ ಮುಂಜಾನೆ ಸಂಜೀಕ ಸೊಂಟಕ್ಕ ತಿಕ್ಕರಿ. ಹತ್ತ ದಿನ ಓಡಸಬ್ಯಾಡ್ರಿ. ನೀವು ಬರದದ್ದು ಚಲೋ ಐತಿ, ಅದಕ್ಕ ನನಗ ಬ್ಯಾನಿ ಗೊತ್ತಾತು. ಹಿಂಗ ಹೇಳಿದೆ ಅಂತ ಸಿಟ್ಟಾಗಬ್ಯಾಡ್ರಿ.' ಕೆಳಗೆ ಹೆಬ್ಬೆರಳು ಒತ್ತಿದ.

ಅದನ್ನು ನಾನು ಕಳಿಸಲಿಲ್ಲ. ಇಂಗ್ಲಿಷು ಮಾಡಲು ಒಂದು ಸಲ ಕೂತೆ. ಸೊಂಟಕ್ಕೆ ಏನನ್ನುತ್ತಾರೆಂದು ತಿಳಿಯಲಿಲ್ಲ, ಅಲ್ಲಿಗೆ ನಿಂತಿತು. ಕಾಗದ ಮಾತ್ರ ಕ್ಯಾಂಟೀನಿಗೆ ಹೋಯಿತು. ಶಿವಪುತ್ರ ಒಲೆಯ ಮುಂದೆ ಅದನ್ನು ಕೇಳಿ ಕಣ್ಣೀರು ಬರುವಂತೆ ನಕ್ಕ. ನಕ್ಕು ಮುಗಿಸಿ, "ಆದ್ರ ಎಳ್ಳೆಣ್ಣಿ ಸೊಂಟಕ್ಕ ಚಲೋ ನೋಡ್ರಿ," ಎಂದ.

ಮುಂದಿನ ಸಂತೆಗೆ ಬೀರಪ್ಪ ಬಂದು ಕೇಳಿದ, "ಕಾಗದಕ್ಕ ಉತ್ತರ ಬಂತೇನ್ರಿ?" ವಿಮಾನದ ಟಪಾಲು, ಹೋಗಲು ಬರಲು ಎರಡು ತಿಂಗಳು ಎಂದೆ. ಅವನು ಚಿತ್ರ ನೋಡಲು ಒಳಗೆ ಹೋಗಲಿಲ್ಲ. "ಆ ಕುರಿ ಏಳೂದು ನೋಡಾಕ ಆಗಂಗಿಲ್ರಿ," ಎಂದು ಬಸ್‌ಸ್ಟ್ಯಾಂಡಿಗೆ ಹೋದ. ಅದರ ಮುಂದಿನ ವಾರ ಮತ್ತೆ ಬಂದ. ಅದರ ಮುಂದೆಯೂ. ಚಿತ್ರ ತೆಗೆದು ಬೇರೆ ಚಿತ್ರ ಹಾಕಿದರೂ ಬಂದ. ಒಂದು ಸಲ ಅವನ ರುಮಾಲು ದೂರದಿಂದ ಕಂಡದ್ದೇ, ಟಿಕೆಟ್ ಕೊಡುವ ನಾನು ಕಿಟಕಿ ಮುಚ್ಚಿ ಮೇಜಿನ ಕೆಳಗೆ ಕೂತೆ. ಅಲ್ಲಿ ನನಗೂ ಕಾಣುತ್ತಿದ್ದದ್ದು ಎರಡು ಮೊಳವೇ. ಕಿಟಕಿಯ ಕೆಳಗಿನ ಹಲಗೆಯ ಸಂದಿಯಲ್ಲಿ ಅವನ ಚಪ್ಪಲಿ, ಪಕ್ಕದಲ್ಲಿ ಕೋಲಿನ ತುದಿ. ಅವು ಅಲ್ಲಿಂದ ಸರಿಯಲು ಬಹಳ ಹೊತ್ತು ಹಿಡಿಯಿತು.

ಆಗ ನನ್ನ ಮೂವತ್ತೈದು ಅಂಕದ ತಲೆಗೆ ಒಂದು ಉಪಾಯ ಹೊಳೆಯಿತು. ಇನ್ನೊಂದು ಹ್ಯಾಂಡ್‌ಬಿಲ್ಲಿನ ಮೇಲಿದ್ದ ಕಂಪನಿಯ ಗುರುತನ್ನು ಕತ್ತರಿಸಿ ಬಿಳಿ ಹಾಳೆಗೆ ಅಂಟಿಸಿ, ಅದರ ಝೆರಾಕ್ಸ್ ತೆಗೆಸಿದೆ. ಸ್ಟೇಷನ್ ಹತ್ತಿರದ ಟೈಪಿಂಗ್ ಅಂಗಡಿಗೆ ಹೋಗಿ ಇಂಗ್ಲಿಷಿನಲ್ಲಿ ಮೂರು ಸಾಲು ಹೊಡೆಸಿದೆ. ನಿಮ್ಮ ಪತ್ರ ಮುಟ್ಟಿತು. ಹೇಳಿದಂತೆ ಔಷಧ ಮಾಡಿದೆವು. ಕುರಿ ಈಗ ಆರಾಮ ಇದೆ. ಟೈಪು ಮಾಡುವ ಹುಡುಗಿ, "ಅಂಕಲ್, ಇದು ಖರೇನ ಕುರಿನ ಏನ್ರಿ?" ಎಂದು ಎರಡು ಸಲ ಕೇಳಿದಳು. ಹೌದು, ಸಂಬಂಧಿಕರದು ಎಂದೆ. ಕೆಳಗೆ ಹಸಿರು ಶಾಯಿಯಲ್ಲಿ ನಾನೇ ಯಾರಿಗೂ ಓದಲಾಗದಂಥ ಒಂದು ಸಹಿ ಎಳೆದೆ. ದೊಡ್ಡ ಮನುಷ್ಯರ ಸಹಿ ಹಾಗೇ ಇರುತ್ತದೆಂದು ನನ್ನ ತಿಳಿವಳಿಕೆ.

ಬೀರಪ್ಪನಿಗೆ ಅದನ್ನು ಓದಿ, ಕನ್ನಡದಲ್ಲಿ ಹೇಳಿದೆ. ಅವನು ಕೂಗಾಡಲಿಲ್ಲ, ಕುಣಿಯಲಿಲ್ಲ. ಟಾಕೀಸಿನ ಮೆಟ್ಟಿಲ ಮೇಲೆ ಕೂತು ರುಮಾಲು ತೆಗೆದು ಮುಖ ಒರೆಸಿಕೊಂಡ. "ಎದ್ದ ನಿಂತಿತಂತ," ಎಂದು ತನ್ನಷ್ಟಕ್ಕೇ ಅಂದುಕೊಂಡ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿ ಇಟ್ಟುಕೊಂಡ.

ಮುಂದಿನ ವಾರ ನನಗೊಂದು ಕರಿ ಕಂಬಳಿ ತಂದುಕೊಟ್ಟ. ಅವನ ಕುರಿಗಳದೇ ಉಣ್ಣೆ, ಅವನ ಹೆಂಡತಿ ಮಾಳವ್ವ ನೂತದ್ದು. ಬೇಡವೆಂದೆ. "ನೀವು ಬರೀಲಿಲ್ಲಂದ್ರ ಆ ಕುರಿ ಹೋಗತಿತ್ತು. ಹೊಚಕೋರಿ," ಎಂದ. ಆ ಕಂಬಳಿ ಚುಚ್ಚುತ್ತಿತ್ತು. ನನ್ನ ಹೆಂಡತಿಗೆ ಹೇಳಿದರೆ, "ಎಲ್ಲಾ ಕಂಬಳೀನೂ ಚುಚ್ಚತಾವು. ಹೊಸದೇನೈತಿ?" ಎಂದಳು. ಅವಳಿಗೆ ನಾನು ಉಳಿದದ್ದನ್ನು ಹೇಳಿರಲಿಲ್ಲ.

ಇಷ್ಟಕ್ಕೇ ಮುಗಿಯುತ್ತದೆಂದು ತಿಳಿದೆ. ಆದರೆ ಮರುವರ್ಷ ಆ ಕಂಪನಿಯ ಹೊಸ ಚಿತ್ರ ಬಂದ ವಾರ ಬೀರಪ್ಪ ಒಬ್ಬನೇ ಬರಲಿಲ್ಲ. ಮಮದಾಪುರದ ಎಂಟು ಮಂದಿ ಕುರಿಗಾರರನ್ನು ಕರೆದುಕೊಂಡು ಬಂದ. ಎಲ್ಲರ ಹೆಗಲ ಮೇಲೂ ಕಂಬಳಿ, ಕೈಯಲ್ಲಿ ಕೋಲು. ನನ್ನ ಕಿಟಕಿಯ ಪಕ್ಕ ಒಂಬತ್ತು ಕೋಲು ಸಾಲಾಗಿ ನಿಂತವು. "ನಮ್ಮ ಕಾಗದ ಮುಟ್ಟಿದ ಮ್ಯಾಲ ತಗದ ಪಿಚ್ಚರ್ ಇದು," ಎಂದು ಅವರಿಗೆಲ್ಲ ಹೇಳುತ್ತಿದ್ದ. "ಇದರಾಗ ಕುರಿ ಹೆಂಗ ಏಳತೈತಿ ನೋಡ್ರಿ."

ಒಳಗೆ ಓಡುತ್ತಿದ್ದದ್ದು ಸಮುದ್ರದ ಚಿತ್ರ. ಮೊದಲಿನಿಂದ ಕೊನೆಯವರೆಗೆ ಬರೀ ಮೀನು. ನಾನು ಬಾಯಿ ಬಿಡಲಿಲ್ಲ. ಟಿಕೆಟ್ ಹರಿದು ಕೊಟ್ಟೆ. ಆ ಒಂದೂವರೆ ತಾಸು ನಾನು ಕೂತ ಜಾಗದಲ್ಲಿ ಕೂರಲಿಲ್ಲ. ಊರಿನ ಎಂಟು ಮಂದಿಯ ಎದುರಿಗೆ ಅವನ ಮಾತು ಹೋಗುತ್ತದೆ. ಹೊರಗೆ ಬಂದು ನನ್ನ ಕಿಟಕಿಯ ಮುಂದೆ ನಿಂತು ಕೇಳುತ್ತಾನೆ. ನಾನು ಏನು ಹೇಳಲಿ?

ಆಟ ಬಿಟ್ಟಿತು. ಎಂಟು ಮಂದಿ ಮುಂದೆ, ಬೀರಪ್ಪ ಹಿಂದೆ. ಅವರಲ್ಲೊಬ್ಬ, "ಯಪ್ಪಾ ಬೀರಪ್ಪ, ಕುರಿ ಎಲ್ಲೋ? ನೀರಾಗ ಮುಳಗಿದ್ವೇನು?" ಎಂದು ಚುಚ್ಚಿದ. ಉಳಿದವರು ನಗಲು ಶುರು ಮಾಡಿದರು.

ಬೀರಪ್ಪ ತನ್ನ ಕೋಲು ಆರಿಸಿಕೊಳ್ಳುತ್ತ ಹೇಳಿದ: "ಕಾಲಿಂದ ತಪ್ಪ ಆಗಾಕತ್ತೈತಿ ಅಂತ ಗೊತ್ತಾದ ಮ್ಯಾಲ, ಕಾಲ ಇಲ್ಲದ್ದನ್ನ ಹಿಡದಾರ. ಕಲಿಯೂವರು ಹಂಗ ಮಾಡತಾರ. ಮುಂದ ಕುರಿಗೆ ಬರತಾರ."

ನಗು ನಿಂತಿತು. ಚುಚ್ಚಿದವನೂ ಹೌದೆಂದು ತಲೆ ಅಲ್ಲಾಡಿಸಿದ. "ಆದ್ರ ಏಡಿ ಒಂದ ಸರಿ ಮಾಡ್ಯಾರ ನೋಡು," ಎಂದ ಇನ್ನೊಬ್ಬ. "ನಮ್ಮ ಕೆರ್ಯಾಗಿನ ಏಡಿನ ಅದು." ಏಡಿಯ ನಡಿಗೆಯ ಬಗ್ಗೆ ಮಾತಾಡುತ್ತಲೇ ಒಂಬತ್ತೂ ಮಂದಿ ಬಸ್‌ಸ್ಟ್ಯಾಂಡಿಗೆ ಹೋದರು. ಬೀರಪ್ಪ ಹೋಗುವಾಗ ನನ್ನ ಕಡೆ ನೋಡಿ ಕೈ ಎತ್ತಿದ. ಮಾನ ಉಳಿದದ್ದು ಅವನದಲ್ಲ, ನನ್ನದು. ಅದನ್ನು ತಾನು ಉಳಿಸಿದ್ದು ಅವನಿಗೆ ಗೊತ್ತಿರಲಿಲ್ಲ.

ಕೆಲವು ವರ್ಷದಲ್ಲಿ ಟಾಕೀಸು ಮುಚ್ಚಿತು. ಪರದೆ ಇದ್ದ ಗೋಡೆಗೆ ಈಗ ರೆಡಿಮೇಡ್ ಬಟ್ಟೆ ತೂಗುಹಾಕುತ್ತಾರೆ. ನಾನು ಮನೆಯಲ್ಲಿ ಕೂತೆ. ಬೀರಪ್ಪನನ್ನು ಕೊನೆಯ ಸಲ ಕಂಡದ್ದು ಬಬಲೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ. ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಅಳಿಯ ಮೊಬೈಲಿನಲ್ಲಿ ಗೊಂಬಿ ಪಿಚ್ಚರ್ ತೋರಿಸುತ್ತಾನೆ, ಆದರೆ ಅಷ್ಟು ಸಣ್ಣದರಲ್ಲಿ ಕಾಲು ತಿಳಿಯುವುದಿಲ್ಲ ಎಂದ. ಆಮೇಲೆ ಕನ್ನಡಕ ಒರೆಸುತ್ತ ಕೇಳಿದ, "ಮ್ಯಾನೇಜರ್ರ, ಆ ಕುರಿ ಈಗ ಮುದಿ ಆಗಿರಬೇಕಲ್ರಿ?"

"ಯಾವುದು?"

"ಬಿಳೇದು. ಆಗ ಎರಡ ಹಲ್ಲಿನ ಎಳೇದು ಅಂತ ತಿಳಕೊಂಡ್ರೂ, ಈಗ ಹಲ್ಲ ಬಿದ್ದಿರತಾವು. ಇನ್ನೊಂದ ಕಾಗದ ಬರದು ಕೇಳಬೇಕಂತ ಭಾಳ ಸಲ ಅಂದಕೊಂಡೆ. ನಿಮಗ ಯಾಕ ತ್ರಾಸ ಅಂತ ಬಿಟ್ಟೆ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮಮದಾಪುರದ ಬಸ್ಸು ಬಂತು. ಬಸ್ಸು ಬಂದದ್ದರಿಂದ ಹೇಳಲಾಗಲಿಲ್ಲ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಆ ಬಸ್ಸು ಹೊರಡುವ ಮುನ್ನ ಹದಿನೈದು ನಿಮಿಷ ಅಲ್ಲೇ ನಿಂತಿತ್ತು. ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ನಾನೂ ಬೀರಪ್ಪನೂ ಬಸ್ಸಿನ ಕಿಟಕಿಯ ಆಚೆ ಈಚೆ ಇದ್ದುಕೊಂಡು ಮಳೆಯ ಬಗ್ಗೆ ಮಾತಾಡಿದೆವು.

ಅವನು ತೀರಿಹೋದ ಸುದ್ದಿ ಈ ವರ್ಷ ಬಂತು. ದಿನಕರ್ಮ ಮುಗಿದ ಮೇಲೆ ಮಮದಾಪುರಕ್ಕೆ ಹೋದೆ. ಚೀಲದಲ್ಲಿ ಕಂಬಳಿ ಇತ್ತು, ತಿರುಗಿ ಕೊಡೋಣವೆಂದು. ಜೇಬಿನಲ್ಲಿ ಆ ಹ್ಯಾಂಡ್‌ಬಿಲ್ಲು ಇತ್ತು. ಇಷ್ಟು ವರ್ಷ ಅದನ್ನು ಹರಿಯಲೂ ಧೈರ್ಯವಾಗದೆ ಟ್ರಂಕಿನ ತಳದಲ್ಲಿ ಇಟ್ಟಿದ್ದೆ.

ಮಾಳವ್ವ ಕಟ್ಟೆಯ ಮೇಲೆ ಕೂತಿದ್ದಳು. ಒಳಗಿನ ಗೋಡೆಯ ಮೇಲೆ, ಬೀರದೇವರ ಪಟದ ಪಕ್ಕ, ಗಾಜು ಹಾಕಿಸಿದ ಒಂದು ಚೌಕಟ್ಟು. ಅದರೊಳಗೆ ನನ್ನ ಹಸಿರು ಸಹಿ. ಮಾಳವ್ವ ಹೇಳಿದಳು: "ಮ್ಯಾನೇಜರಪ್ಪಾ, ನೀ ಬಂದದ್ದು ಚಲೋ ಆತು. ದಿನಾ ಮುಂಜಾನೆ ಅದಕ್ಕ ಕೈ ಮುಗಿದು ಕುರಿ ಬಿಡತಿದ್ದ. ಏನ ಬರದೈತಿ ಅಂತ ನನಗ ಒಮ್ಮಿ ಓದಿ ಹೇಳು."

ಮೂರು ಸಾಲು. ಅದರಲ್ಲಿ ಎಷ್ಟು ತಪ್ಪಿದ್ದವೆಂದು ಈಗ ನನಗೂ ಕಾಣುತ್ತಿತ್ತು. ಅವನ್ನು ಓದಲಿಲ್ಲ. ಜೇಬಿನಿಂದ ಹ್ಯಾಂಡ್‌ಬಿಲ್ಲು ತೆಗೆದು ಅದನ್ನು ಓದಿದೆ. ಹಸೀ ನೆಲ, ಒಣಾ ಹುಲ್ಲು, ಎಳ್ಳೆಣ್ಣಿ, ಸಿಟ್ಟಾಗಬ್ಯಾಡ್ರಿ. ಮಾಳವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಇದು ಅವನ ಮಾತ," ಎಂದಳು. "ಅವನ ಮಾತ ಅವರು ಹೊಳ್ಳಿ ಕಳಸ್ಯಾರೇನು?"

"ಇಲ್ಲವ್ವಾ. ಇದು ಹೋಗಲೇ ಇಲ್ಲ. ನಾನು ಕಳಸಲಿಲ್ಲ. ಗೋಡಿ ಮ್ಯಾಲಿಂದು ನಾನ ಬರದದ್ದು."

ಮಾಳವ್ವ ಗೋಡೆಯ ಮೇಲಿನ ಚೌಕಟ್ಟನ್ನು ನೋಡಿದಳು. ಹಟ್ಟಿಯಲ್ಲಿ ಒಂದು ಮರಿ ಒದರುತ್ತಿತ್ತು. ಬೈಯುತ್ತಾಳೆ ಎಂದು ಕಾದೆ; ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಒಳಗೆ ಇತ್ತು.

"ಅಂದ್ರ," ಎಂದಳು ಕೊನೆಗೆ, "ಆ ಕುರಿಗೆ ಔಷಧ ಮುಟ್ಟಲೇ ಇಲ್ಲ?"

"ಇಲ್ಲವ್ವಾ."

ಅವಳು ಎದ್ದಳು. ಗೋಡೆಯಿಂದ ಚೌಕಟ್ಟನ್ನು ತೆಗೆದು ನನ್ನ ಮುಂದೆ ಇಟ್ಟಳು. "ನಿಂದು ತಗಿ. ಅವನದು ಹಾಕು." ಹಿಂದಿನ ಮೊಳೆ ಬಿಚ್ಚಿ ನನ್ನ ಮೂರು ಸಾಲು ಹೊರಗೆ ತೆಗೆದೆ, ಹ್ಯಾಂಡ್‌ಬಿಲ್ಲನ್ನು ಒಳಗಿಟ್ಟೆ. ಹೆಬ್ಬೆರಳಿನ ಗುರುತು ಗಾಜಿನ ಕಡೆಗೆ ಬರುವಂತೆ ನೋಡಿ ಹಾಕಿದೆ. ಅವಳೇ ಅದನ್ನು ತಿರುಗಿ ಬೀರದೇವರ ಪಕ್ಕಕ್ಕೆ ತೂಗುಹಾಕಿದಳು.

ಹೊರಡುವಾಗ ಚೀಲದಿಂದ ಕಂಬಳಿ ತೆಗೆದು ಕಟ್ಟೆಯ ಮೇಲೆ ಇಟ್ಟೆ. "ಇದು ನನ್ನ ಕಡೆ ಇರಬಾರದವ್ವಾ," ಎಂದೆ. "ಭಾಳ ಚುಚ್ಚತೈತಿ."

ಮಾಳವ್ವ ಅದನ್ನು ಎತ್ತಿ, ಕೊಡವಿ, ಮಡಿಕೆ ಸರಿ ಮಾಡಿ ನನ್ನ ಹೆಗಲ ಮೇಲೆ ಹಾಕಿದಳು.

"ಚುಚ್ಚಲಿ," ಎಂದಳು. "ಹೊಚಕೋ."

ಸುಡುವ ಬಿಸಿಲಿನಲ್ಲಿ ಕಂಬಳಿ ಹೊದ್ದುಕೊಂಡು ಬಸ್‌ಸ್ಟಾಪಿಗೆ ನಡೆದೆ. ತಲೆ ಎತ್ತಲಾಗಲಿಲ್ಲ. ದಾರಿಯುದ್ದಕ್ಕೂ ಎದುರಿಗೆ ಬರುವವರ ಕಾಲು ಮಾತ್ರ ಕಾಣುತ್ತಿದ್ದವು. ಕೆರೆಯ ಏರಿಯ ಹತ್ತಿರ ಒಂದು ಹಿಂಡು ಮಲಗಿತ್ತು. ಬೀರಪ್ಪನ ಅಳಿಯ ಸಿಳ್ಳೆ ಹಾಕಿದ. ಕುರಿಗಳು ಒಂದೊಂದಾಗಿ ಎದ್ದವು, ಹಿಂಗಾಲು ಮೊದಲು, ಆಮೇಲೆ ಮುಂಗಾಲು. ಎಲ್ಲವೂ ಏಳುವವರೆಗೆ ಅಲ್ಲೇ ನಿಂತು ನೋಡಿದೆ.